ಮನೆಯವರಲ್ಲಿ ಒಬ್ಬಳ ಹಾಗೆ

ವರ್ಣಭೇದದ ಆ ಕಾಲದ ಕೇಪ್‌ಟೌನಿನಲ್ಲಿ ಮನುಷ್ಯರ ಬಣ್ಣವನ್ನು ನಿರ್ಧರಿಸುವ ಅಧಿಕಾರ ಇಬ್ಬರ ಕೈಯಲ್ಲಿತ್ತು. ಒಂದು ಸರ್ಕಾರ, ಇನ್ನೊಬ್ಬಳು ಮಿನ್ನಿ ಫೋರ್ಟೇನ್. ಸರ್ಕಾರಕ್ಕೆ ಕಚೇರಿಗಳಿದ್ದವು, ಮೊಹರುಗಳಿದ್ದವು, ಕನ್ನಡಕದ ಅಧಿಕಾರಿಗಳಿದ್ದರು. ಮಿನ್ನಿಗೆ ಇದ್ದದ್ದು ಒಂದು ಕಬ್ಬಿಣದ ಬಾಚಣಿಗೆ, ಅದನ್ನು ಕಾಯಿಸಲು ಒಂದು ಸೀಮೆಎಣ್ಣೆ ಸ್ಟೌ. ಒಬ್ಬಳು ಬಿಳಿಯಳೋ ಅಲ್ಲವೋ ಎಂದು ತೀರ್ಮಾನಿಸಲು ಸರ್ಕಾರ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಿತ್ತು. ಮಿನ್ನಿ ಅದೇ ತಲೆಯನ್ನು ಮುಂದಿಟ್ಟುಕೊಂಡು ಮಧ್ಯಾಹ್ನದ ಊಟದೊಳಗೆ ತೀರ್ಪು ಕೊಟ್ಟುಬಿಡುತ್ತಿದ್ದಳು.

ಸರ್ಕಾರ ನಮ್ಮನ್ನೆಲ್ಲ ಮೂಟೆ ಕಟ್ಟಿತ್ತು. ಮೇಲೆ ಬಿಳಿಯರು, ಕೆಳಗೆ ಕರಿಯರು, ನಡುವೆ ನಾವು, ಅಂದರೆ ಕಲರ್ಡ್. ನಾವು ಏನು ಎಂದು ಸರ್ಕಾರಕ್ಕೂ ಸರಿಯಾಗಿ ಗೊತ್ತಿರಲಿಲ್ಲ. ಅವೆರಡೂ ಅಲ್ಲದವರು ಎಂದಷ್ಟೇ ಗೊತ್ತಿತ್ತು. ನೋಡಲು ಬಿಳಿಯನಂತಿದ್ದು, ನಾಲ್ಕು ಜನ ಬಿಳಿಯನೆಂದು ಒಪ್ಪಿಕೊಂಡವನೇ ಬಿಳಿಯ ಎಂಬುದು ಕಾನೂನಿನ ಸಾರ. ಅಂದರೆ ಬಣ್ಣ ಇದ್ದದ್ದು ಚರ್ಮದಲ್ಲಲ್ಲ, ಆ ನಾಲ್ಕು ಜನರ ಬಾಯಲ್ಲಿ. ಆ ನಾಲ್ಕು ಜನ ಮೊದಲು ನೋಡುತ್ತಿದ್ದದ್ದು ಕೂದಲನ್ನು. ಚರ್ಮಕ್ಕೆ ಬಿಸಿಲಿನ ನೆಪ ಹೇಳಬಹುದು, ಮೂಗಿಗೆ ಅಪ್ಪನ ನೆಪ ಹೇಳಬಹುದು. ಗುಂಗುರು ಕೂದಲಿಗೆ ನೆಪವಿಲ್ಲ.

ಮಿನ್ನಿಯ ಅಂಗಡಿ ಎಂದರೆ ಅವಳ ಅಡುಗೆಮನೆ. ಕ್ಲೇರ್‌ಮಾಂಟಿನ ಹಳೆಯ ಓಣಿಯಲ್ಲಿದ್ದಾಗಲೂ ಅಷ್ಟೇ. ಆಮೇಲೆ ಆ ಓಣಿ ಬಿಳಿಯರದೆಂದು ಸರ್ಕಾರಕ್ಕೆ ಹೊಳೆದು, ನಮ್ಮನ್ನೆಲ್ಲ ಲಾರಿಗೆ ತುಂಬಿ ಬೊಂಟೆಹೀವೆಲ್‌ನ ಮರಳಿನಲ್ಲಿ ಸುರಿದಾಗಲೂ ಅಷ್ಟೇ. ಸಾಮಾನಿನಲ್ಲಿ ಮೊದಲು ಇಳಿದದ್ದು ಸ್ಟೌ. ಮದುವೆ, ಚರ್ಚು, ಹೊಸ ಕೆಲಸದ ಸಂದರ್ಶನ, ಏನೇ ಇದ್ದರೂ ಹೆಂಗಸರು ಅವಳ ಮುಂದೆ ತಲೆ ಬಗ್ಗಿಸಿ ಕೂರಬೇಕು. ಕಾದ ಬಾಚಣಿಗೆ ಗುಂಗುರನ್ನು ನೆಟ್ಟಗೆ ಮಾಡುತ್ತ ಸರ್ರನೆ ಇಳಿಯುವಾಗ ಎದ್ದ ಹೊಗೆಯಲ್ಲಿ ಮಿನ್ನಿ ಯುದ್ಧಭೂಮಿಯ ಸೇನಾಪತಿಯ ಹಾಗೆ ಕಾಣುತ್ತಿದ್ದಳು. ಅವಳ ಶತ್ರು ಒಂದೇ, ಮಂಜು. ಸಮುದ್ರದ ಕಡೆಯಿಂದ ಒಂದು ತೇವದ ಗಾಳಿ ಬೀಸಿದರೆ ಸಾಕು, ಬೆಳಿಗ್ಗೆಯಿಂದ ಗೆದ್ದುಕೊಂಡ ರಾಜ್ಯವೆಲ್ಲ ಮತ್ತೆ ಗುಂಗುರಾಗಿ ಎದ್ದು ನಿಲ್ಲುತ್ತಿತ್ತು. ಅದಕ್ಕೆ ನಮ್ಮ ಹೆಂಗಸರು ಹೇಳುತ್ತಿದ್ದ ಮಾತು, "ಅಯ್ಯೋ, ಕೂದಲು ತವರಿಗೆ ಹೋಯ್ತಲ್ಲೇ!"

ಮಿನ್ನಿಗೆ ಒಬ್ಬ ಅಕ್ಕ ಇದ್ದಳು, ರೋಡಾ. ಒಂದೇ ಅಪ್ಪ, ಒಂದೇ ಅಮ್ಮ, ಒಂದೇ ಹಾಸಿಗೆಯಲ್ಲಿ ಮಲಗಿ ಬೆಳೆದವರು. ಇಬ್ಬರೂ ಹಾಲು ಹಾಕಿದ ಚಹಾದ ಬಣ್ಣ. ರೋಡಾಗೆ ಹಾಲು ಸ್ವಲ್ಪ ಜಾಸ್ತಿ ಬಿದ್ದಿತ್ತು ಅಷ್ಟೇ. ಆ ಒಂದು ಚಮಚ ಹಾಲಿನಿಂದ ಇಷ್ಟೆಲ್ಲ ಆಯಿತು.

ರೋಡಾಗೆ ಹನ್ನೆಸ್ ಥೆರಾನ್ ಎಂಬ ರೈಲ್ವೆ ಗಾರ್ಡಿನ ಮೇಲೆ ಮನಸ್ಸಾಯಿತು. ಅವನು ಬಿಳಿಯ, ಇವಳನ್ನೂ ಬಿಳಿಯಳೆಂದೇ ತಿಳಿದವನು. ಅವನನ್ನು ಮದುವೆಯಾಗಬೇಕಾದರೆ ಇವಳೂ ಬಿಳಿಯಳೆಂದು ಸರ್ಕಾರ ಒಪ್ಪಬೇಕು. ಒಪ್ಪಿಸುವ ಕೆಲಸ ಮಿನ್ನಿಯ ಪಾಲಿಗೆ ಬಂತು. ಕಚೇರಿಗೆ ಹೋಗುವ ದಿನ ಅವಳು ನಸುಕಿನಲ್ಲೇ ಸ್ಟೌ ಹಚ್ಚಿದಳು. ತನ್ನ ಬಾಳಿನಲ್ಲಿ ಅಷ್ಟು ಶ್ರದ್ಧೆಯಿಂದ ಯಾವ ತಲೆಯನ್ನೂ ಬಾಚಿರಲಿಲ್ಲ ಎಂದು ಆಮೇಲೆ ಹೇಳುತ್ತಿದ್ದಳು. ಹೊರಗೆ ನೋಡಿದರೆ ಮಂಜು! ಟೇಬಲ್ ಬೆಟ್ಟವೇ ಕಾಣದಷ್ಟು ಮಂಜು.

"ಹೋಯ್ತು ಕಣೆ, ಎಲ್ಲ ಹೋಯ್ತು," ಎಂದು ರೋಡಾ ಅಳತೊಡಗಿದಳು.

"ಅಳಬೇಡ, ಕಣ್ಣೀರಿಗೂ ತೇವ ಇದೆ," ಎಂದಳು ಮಿನ್ನಿ. "ನಾನೂ ಬರ್ತೀನಿ. ಕೊಡೆ ಹಿಡ್ಕೋತೀನಿ."

ಹೀಗೆ ಮಿನ್ನಿ ತನ್ನ ಬಾಚದ ತಲೆಗೆ ಒಂದು ಬಟ್ಟೆ ಕಟ್ಟಿ, ಅಕ್ಕನ ಮೇಲೆ ರಾಣಿಗೆ ಛತ್ರಿ ಹಿಡಿದ ಹಾಗೆ ಕೊಡೆ ಹಿಡಿದು, ಕಚೇರಿಯ ಒಳಗಿನವರೆಗೂ ಹೋದಳು. ಹೋಗಬಾರದಿತ್ತು. ಅಧಿಕಾರಿ ರೋಡಾಳ ಉಗುರು ನೋಡಿದ, ಕಿವಿಯ ಹಿಂದೆ ನೋಡಿದ, ತಲೆಯಲ್ಲಿ ಬಾಚಣಿಗೆ ಆಡಿಸಿದ. ಬಾಚಣಿಗೆ ಬೆಣ್ಣೆಯಲ್ಲಿ ಜಾರಿದಂತೆ ಜಾರಿತು. ಆಮೇಲೆ ಅವನು ಬಾಗಿಲ ಬಳಿ ನಿಂತ ಮಿನ್ನಿಯ ಕಡೆ ಪೆನ್ನು ತೋರಿಸಿ ಕೇಳಿದ, "ಅವಳು ಯಾರು?"

ತಂಗಿ ಎಂದರೆ ಎಲ್ಲವೂ ಮುಗಿಯಿತು. ರೋಡಾ ಕಣ್ಣು ಮಿಟುಕಿಸದೆ ಹೇಳಿದಳು, "ಅವಳಾ? ನಮ್ಮನೆ ಕೆಲಸದವಳು."

ಅಧಿಕಾರಿ ಮಿನ್ನಿಯನ್ನು ಕೇಳಿದ, "ಹೌದೇನೇ?"

"ಹೌದು ದಣಿ," ಎಂದಳು ಮಿನ್ನಿ.

ಎರಡೇ ಮಾತು. ಆ ಎರಡು ಮಾತಿನಿಂದ ಶುರುವಾದ ನೌಕರಿ ಸುಮಾರು ನಲವತ್ತು ವರ್ಷ ನಡೆಯಿತು.

ಮದುವೆಯಾಯಿತು. ರೋಡಾ ಪಾರೋವಿನಲ್ಲಿ, ಬಿಳಿಯರ ಬೀದಿಯಲ್ಲಿ, ಮುಂದೆ ಗುಲಾಬಿ ಗಿಡಗಳಿರುವ ಮನೆಯಲ್ಲಿ ಶ್ರೀಮತಿ ಥೆರಾನ್ ಆದಳು. ಆದರೆ ಬಾಚಿದ ಬಿಳಿತನ ಕೂದಲಿನ ಜೊತೆ ಮೇಲಕ್ಕೆ ಬೆಳೆದುಹೋಗುತ್ತಲೇ ಇರುತ್ತದೆ; ಬುಡದಲ್ಲಿ ಗುಂಗುರು ಮತ್ತೆ ಕಾಣಿಸಿಕೊಳ್ಳುತ್ತದೆ. ಪಾರೋವಿನ ಯಾವ ಸಲೂನಿನವಳ ಕೈಗೂ ರೋಡಾ ತಲೆ ಕೊಡುವಂತಿರಲಿಲ್ಲ. ಆದ್ದರಿಂದ ಒಂದು ಗುರುವಾರ ಬಿಟ್ಟು ಒಂದು ಗುರುವಾರ ಮಿನ್ನಿ ಚೀಲದೊಳಗೆ ಬಾಚಣಿಗೆ ಇಟ್ಟು, ಮೇಲೆ ಏಪ್ರನ್ ಮಡಚಿಟ್ಟು, ರೈಲಿನಲ್ಲಿ ನಮ್ಮವರ ಡಬ್ಬಿ ಹತ್ತಿ, ಪಾರೋವಿನಲ್ಲಿಳಿದು, ಅಕ್ಕನ ಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದಳು. ಆ ಬೀದಿಯವರಿಗೆಲ್ಲ ಅವಳು ಶ್ರೀಮತಿ ಥೆರಾನ್ ಅವರ ಬಟ್ಟೆ ಒಗೆಯುವ ಹೆಂಗಸು. ಅನುಮಾನ ಬಾರದಿರಲೆಂದು ಆಗಾಗ ನಾಲ್ಕು ಬಟ್ಟೆಯನ್ನು ಒಗೆದು ತಂತಿಗೂ ಹಾಕುತ್ತಿದ್ದಳು. ನಾಟಕವಾದರೂ ಕೆಲಸ ಚೊಕ್ಕಟವಾಗಿರಬೇಕಲ್ಲ.

ಒಳಗೆ ಹೋದ ತಕ್ಷಣ ರೋಡಾ ಮೊದಲು ನಲ್ಲಿ ತಿರುಗಿಸುತ್ತಿದ್ದಳು. ನೀರಿನ ಸದ್ದು ಜೋರಾದ ಮೇಲೆಯೇ ಮಿನ್ನಿ ಬಾಯಿ ತೆರೆದು "ಅಕ್ಕಾ" ಎನ್ನಬಹುದಿತ್ತು. ನಲ್ಲಿ ನಿಲ್ಲಿಸಿದರೆ "ಮೇಡಂ." ಮಿನ್ನಿಗೆಂದು ಸಿಂಕಿನ ಕೆಳಗೆ ಒಂದು ತಗಡಿನ ಮಗ್ಗು ಇತ್ತು, ಕೆಲಸದವರಿಗೆ ಇಡುವಂಥದ್ದು. ಪರದೆ ಎಳೆದ ಮೇಲೆ ಅಕ್ಕತಂಗಿಯರಿಬ್ಬರೂ ಕಾಫಿ ಕುಡಿಯುತ್ತಿದ್ದದ್ದು ಅದೇ ಒಂದು ಮಗ್ಗಿನಲ್ಲಿ, ಒಂದು ಗುಟುಕು ಅವಳು, ಒಂದು ಗುಟುಕು ಇವಳು.

ಇದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗುಟ್ಟು ಅಂದರೆ ಒಬ್ಬರಿಗೂ ಗೊತ್ತಿಲ್ಲದ್ದು ಎಂದು ತಿಳಿದವರು ನಮ್ಮ ಊರಿನವರಲ್ಲ. ಪ್ರತಿ ಮನೆಯಲ್ಲೂ ಹೀಗೆ ದಾಟಿಹೋದ ಒಬ್ಬರಿರುತ್ತಿದ್ದರು. ಅವರು ಪೇಟೆಯಲ್ಲಿ ಎದುರಾದರೆ ನಾವು ಮಾತಾಡಿಸುತ್ತಿರಲಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ತಟ್ಟನೆ ಪಕ್ಕದ ಅಂಗಡಿಯ ಗಾಜಿನ ಕಡೆ ತಿರುಗಿ, ಒಳಗಿನ ಟೋಪಿಯನ್ನೋ ಹೂದಾನಿಯನ್ನೋ ಅವರು ದಾಟುವವರೆಗೂ ನೋಡುತ್ತ ನಿಲ್ಲಬೇಕು. ಆಡರ್ಲಿ ಬೀದಿಯ ಅಂಗಡಿಯವರೆಲ್ಲ ಈ ಜನಕ್ಕೆ ಟೋಪಿಯ ಮೇಲೆ ಎಷ್ಟು ಆಸೆ ಎಂದುಕೊಂಡಿರಬೇಕು. ನಮ್ಮಲ್ಲಿ ಎಷ್ಟೋ ಜನ ತಮ್ಮ ಸ್ವಂತ ಅಣ್ಣನ ಮುಖವನ್ನು ವರ್ಷಗಟ್ಟಲೆ ಗಾಜಿನಲ್ಲೇ ನೋಡಿದ್ದಾರೆ.

ರೋಡಾ ಬಸುರಿಯಾದಾಗ ಅವಳಿಗೆ ಹೆರಿಗೆಯ ನೋವಿಗಿಂತ ದೊಡ್ಡ ಭಯ ಮಗುವಿನ ನೆತ್ತಿಯದ್ದಾಗಿತ್ತು. ಮಗು ಮನೆಗೆ ಬಂದ ದಿನವೇ ಮಿನ್ನಿಗೆ ಬುಲಾವ್ ಬಂತು. ಮಿನ್ನಿ ಮಗುವಿನ ತಲೆಯನ್ನು ನೋಡಿ, ಕಿವಿಯ ಅಂಚನ್ನು ನೋಡಿ, ಕತ್ತಿನ ಹಿಂದಿನ ಕೂದಲಿಗೆ ಉಗುಳು ಸವರಿ, ಸುರುಳಿ ಸುತ್ತುತ್ತದೋ ಎಂದು ಕಾದಳು. ಕೂದಲು ಜೋಳದ ತೆನೆಯ ನಾರಿನ ಹಾಗೆ ನೆಟ್ಟಗೇ ಇತ್ತು.

"ನೀನು ಬದುಕಿಕೊಂಡೆ ಅಕ್ಕಾ. ನನ್ನ ಕೆಲಸ ಇಲ್ಲಿಲ್ಲ," ಎಂದಳು. ನಲ್ಲಿ ಜೋರಾಗಿ ಹರಿಯುತ್ತಿತ್ತು. ರೋಡಾ ಅತ್ತದ್ದು ಯಾರಿಗೂ ಕೇಳಲಿಲ್ಲ.

ಆ ಮಗು ಎಲ್ನಾ. ಮಾತು ಬಂದ ಮೇಲೆ ಅವಳು ತನ್ನ ಚಿಕ್ಕಮ್ಮನನ್ನು ಕರೆದದ್ದು "ಮಿನ್ನಿ" ಎಂದು. ಬಿಳಿಯರ ಮಕ್ಕಳು ಹಿರಿಯ ಹೆಂಗಸರನ್ನೆಲ್ಲ, ಪಕ್ಕದ ಮನೆಯವಳನ್ನೂ ಅಂಚೆ ಕಚೇರಿಯವಳನ್ನೂ, "ಟನ್ನಿ" ಎನ್ನುತ್ತಾರೆ. ನಮ್ಮ ಮಕ್ಕಳು ಅದನ್ನೇ "ಆಂಟಿ" ಎನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ. ಆದರೆ ಕೆಲಸದವಳು ಎಷ್ಟೇ ಮುದುಕಿಯಾಗಲಿ, ಬಿಳಿಯ ಮಗುವಿನ ಬಾಯಲ್ಲಿ ಅವಳಿಗೆ ಇರುವುದು ಬರೀ ಹೆಸರು. "ಏ ಮಿನ್ನಿ, ನನ್ನ ಶೂ ಎಲ್ಲಿಟ್ಟೆ?" ಎಂದು ಆ ಪುಟ್ಟ ಮಗು ಕೇಳುವುದು, "ಇಗೋ, ತಂದೆ ಪುಟ್ಟಿ," ಎಂದು ಇವಳು ಓಡುವುದು. ಕೆಟ್ಟ ಮಗುವಲ್ಲ, ಮಿನ್ನಿಗೆ ಶೀತವಾದರೆ ಹಾಸಿಗೆಯ ಮೇಲಿನ ಶಾಲು ತಂದು ಹೊದಿಸುತ್ತಿತ್ತು. ಯಾವ ಮಾತು ಯಾರಿಗೆ ಎಂದು ಮನೆಯಲ್ಲಿ ಕಲಿಸಿದ್ದನ್ನು ಕಲಿತಿತ್ತು ಅಷ್ಟೇ.

ಮಿನ್ನಿ ಮದುವೆಯಾಗಲಿಲ್ಲ. ಹುಡುಗರು ಬರಲಿಲ್ಲವೆಂದಲ್ಲ. ಗಂಡ ಎಂಬುವನು ಗುರುವಾರ ಎಲ್ಲಿಗೆ ಹೋಗುತ್ತೀಯ ಎಂದು ಕೇಳುತ್ತಾನೆ, ಒಂದು ದಿನ ಕುಡಿದು ಯಾವನೋ ಬಿಳಿಯನಿಗೆ ಹೇಳುತ್ತಾನೆ. ಈ ಲೆಕ್ಕ ಹಾಕಿಯೇ ಅವಳು ಒಂಟಿಯಾಗಿ ಉಳಿದಳು. ಅವಳ ಮನಸ್ಸು ಗೊತ್ತಿದ್ದವಳು ಪಕ್ಕದ ಮನೆಯ ಗಲೀಮಾ ಒಬ್ಬಳೇ. ಗಲೀಮಾ ಮುಸಲ್ಮಾನಳು, ಭಾನುವಾರ ಬೆಳಿಗ್ಗೆ ಬೀದಿಗೆಲ್ಲ ಕೊಬ್ಬರಿ ಉದುರಿಸಿದ ಸಿಹಿ ಬೋಂಡ ಕರಿದು ಮಾರುವವಳು. ನಾಲಿಗೆ ಮಾತ್ರ ಎಣ್ಣೆಗಿಂತ ಬಿಸಿ.

"ನಿಂಗೆ ಏನು ಬೇಕೇ ಅವಳಿಂದ?" ಎಂದು ಒಮ್ಮೆ ಗಲೀಮಾ ಕೇಳಿದಳು. "ಅವಳ ಬಂಗಲೆ ಬೇಕಾ? ಗುಲಾಬಿ ಬೇಕಾ?"

"ಏನೂ ಬೇಡ," ಎಂದಳು ಮಿನ್ನಿ. "ನಾಲ್ಕು ಜನರ ಮುಂದೆ, ನಲ್ಲಿ ನಿಲ್ಲಿಸಿ, ಇವಳು ನಮ್ಮವಳು ಅಂತ ಒಂದು ಸಲ ಅಂದ್ರೆ ಸಾಕು."

"ಬಂಗಲೆ ಕೇಳು, ಅದಾದ್ರೂ ಸಿಗಬಹುದು," ಎಂದಳು ಗಲೀಮಾ.

ಹನ್ನೆಸ್ ತೀರಿಕೊಂಡ. ವರ್ಷಗಳು ಹೋದವು. ಆಮೇಲೆ ತೊಂಬತ್ತನಾಲ್ಕರಲ್ಲಿ, ಎಲ್ಲ ಬಣ್ಣದವರೂ ಮತ ಹಾಕಿದ ಆ ದೊಡ್ಡ ಮತದಾನ ಬಂತು. ಮೂಟೆಗಳನ್ನೆಲ್ಲ ಬಿಚ್ಚಿದರು, ಇನ್ನು ಮೇಲೆ ಯಾರೂ ಬಿಳಿಯರಲ್ಲ, ಯಾರೂ ಕಲರ್ಡ್ ಅಲ್ಲ, ಎಲ್ಲರೂ ಮನುಷ್ಯರೇ ಎಂದು ಸಾರಿದರು. ನಮಗೆ ಆಶ್ಚರ್ಯವಾದದ್ದು ನಿಜ. ಮಿನ್ನಿ ಆ ಗುರುವಾರ ಎದೆಯಲ್ಲಿ ಒಂದು ಬ್ಯಾಂಡಿನವರನ್ನೇ ಕೂರಿಸಿಕೊಂಡು ಪಾರೋವಿಗೆ ಹೋದಳು. ಹೋದವಳು ತಾನೇ ನಲ್ಲಿ ನಿಲ್ಲಿಸಿದಳು.

"ಅಕ್ಕಾ, ಮುಗೀತಲ್ಲ. ಇನ್ನು ಹೇಳಬಹುದಲ್ಲ?"

ರೋಡಾ ಗಾಬರಿಯಿಂದ ಕಿಟಕಿಯ ಕಡೆ ನೋಡಿದಳು. ಮತ್ತೆ ನಲ್ಲಿ ತಿರುಗಿಸಿದಳು. "ಕಾನೂನು ಹೋಯ್ತು ಕಣೆ. ಪಕ್ಕದ ಮನೆಯವಳು ಎಲ್ಲಿ ಹೋದಳು? ಅಲ್ಲೇ ಇದ್ದಾಳೆ, ಗಿಡಕ್ಕೆ ನೀರು ಹಾಕ್ತಾ."

"ಎಲ್ನಾಗಾದ್ರೂ..."

"ಅವಳಿಗೆ ಏನಂತ ಹೇಳಲಿ? ಅವಳು ಹುಟ್ಟಿದ ದಿನದಿಂದ ಸುಳ್ಳು ಹೇಳಿದೀನಿ ಅಂತಲಾ? ಅವಳ ಅಪ್ಪನಿಗೂ ಹೇಳ್ದೆ ಮಣ್ಣು ಮಾಡಿದೀನಿ ಅಂತಲಾ? ನಾನು ಈಗ ಏನು ಅಂತ ನಂಗೇ ಗೊತ್ತಿಲ್ಲ ಮಿನ್ನಿ. ಹಿಂದಕ್ಕೆ ಬರೋಕೆ ದಾರಿ ಮರೆತುಹೋಗಿದೆ." ಆಮೇಲೆ ತಂಗಿಯ ಕೈ ಹಿಡಿದುಕೊಂಡಳು. "ನಾನು ಸತ್ತ ಮೇಲೂ, ನೀನು ನನ್ನ ತಂಗಿ ಅಂತ ಯಾರ ಹತ್ರಾನೂ ಹೇಳಬಾರದು. ಮಾತು ಕೊಡು."

ಮಿನ್ನಿ ಮಾತು ಕೊಟ್ಟಳು. ಕೊಟ್ಟು, ಸ್ಟೌ ಹಚ್ಚಿ, ಬಾಚಣಿಗೆ ಕಾಯಿಸಿದಳು.

ಮೂರು ಚಳಿಗಾಲ ಕಳೆಯಿತು. ರೋಡಾ ಆಸ್ಪತ್ರೆ ಸೇರಿದಳು, ಮರಳಲಿಲ್ಲ. ಎಲ್ನಾ ಫೋನ್ ಮಾಡಿದಳು. ಆಗ ಅವಳಿಗೂ ಎರಡು ಮಕ್ಕಳು, ಶಾಲೆಯಲ್ಲಿ ಟೀಚರು. "ಮಿನ್ನಿ, ಅಮ್ಮ ಹೋಗಿಬಿಟ್ರು. ಅವರ ತಲೆ ನೀನೇ ಬಾಚಬೇಕು. ನಿನ್ನ ಬಿಟ್ರೆ ಅವರು ಯಾರ ಹತ್ರಾನೂ ಬಾಚಿಸಿಕೊಳ್ಳಲಿಲ್ಲ."

ಶವ ಇಟ್ಟಿದ್ದ ಕೋಣೆಯಲ್ಲಿ ಮಿನ್ನಿ ಅಕ್ಕನ ತಲೆಗೆ ನೀರು ಹಾಕಿದಳು. ಆಸ್ಪತ್ರೆಯ ವಾರಗಳಲ್ಲಿ ಯಾರೂ ಮುಟ್ಟದ ಕೂದಲು ನೀರು ಬಿದ್ದೊಡನೆ ಒಂದೊಂದಾಗಿ ಸುರುಳಿ ಸುತ್ತಿಕೊಂಡು ಎದ್ದಿತು. ಕ್ಲೇರ್‌ಮಾಂಟಿನ ಓಣಿಯ ಹುಡುಗಿ ಅಲ್ಲಿ ಬೆಳ್ಳಿಯ ಗುಂಗುರಿನೊಂದಿಗೆ ಮಲಗಿದ್ದಳು. ಮಿನ್ನಿ ಎಷ್ಟೋ ಹೊತ್ತು ಬಾಚಣಿಗೆ ಎತ್ತಲಿಲ್ಲ. ಹಾಗೇ ಬಿಟ್ಟರೆ ಏನು ಎಂದು ಅವಳಿಗೆ ಅನ್ನಿಸಿತು. ಹಾಗೇ ಬಿಟ್ಟರೆ ಅಕ್ಕ ತನ್ನ ಬಾಯಿಂದ ಹೇಳಲಾಗದ್ದನ್ನು ತಲೆಯಿಂದ ಹೇಳಿದಂತೆ ಆಗುತ್ತಿತ್ತು.

ಎಲ್ನಾ ಬಾಗಿಲಲ್ಲಿ ನಿಂತಿದ್ದಳು. "ಅಮ್ಮನ ಕೂದಲು ಹೀಗಿತ್ತಾ?"

"ಒದ್ದೆಯಾದ್ರೆ ಎಲ್ಲರದ್ದೂ ಹೀಗೇ ಪುಟ್ಟಿ."

"ನನ್ನದು ಆಗಲ್ಲ," ಎಂದಳು ಎಲ್ನಾ. ಆಮೇಲೆ ಮಿನ್ನಿಯ ತಲೆಯ ಕಡೆ ನೋಡಿ, "ನಿನ್ನದು ಆಗುತ್ತೆ," ಎಂದಳು.

ಮಿನ್ನಿ ಬಾಚಣಿಗೆ ಕಾಯಿಸಿ, ಒಂದೊಂದು ಎಳೆಯನ್ನೂ ನೆಟ್ಟಗೆ ಮಾಡಿದಳು. ಕೊಟ್ಟ ಮಾತು ಹಾಗೆ ಮಾಡಿಸಿತು.

ಪಾರೋವಿನ ಚರ್ಚಿನಲ್ಲಿ ಮಿನ್ನಿ ಕಡೆಯ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ತಲೆಗೆ ಬಟ್ಟೆ ಸುತ್ತಿಕೊಂಡ ಗಲೀಮಾ. ಗೆಳತಿಯನ್ನು ಆ ಜನರ ನಡುವೆ ಒಬ್ಬಳೇ ಬಿಡಲು ಅವಳಿಗೆ ಮನಸ್ಸಾಗಿರಲಿಲ್ಲ. ಮುಂದಿನ ಬೆಂಚಿನಲ್ಲಿ ಥೆರಾನ್ ಕಡೆಯ ನೆಂಟರು, ಎಲ್ಲ ಬಿಸಿಲಿಗೆ ಕತ್ತು ಕೆಂಪಾದ ಬಿಳಿಯರು. ಪಾದ್ರಿ ಒಳ್ಳೆಯ ಮನುಷ್ಯ. ಹೊಸ ಕಾಲಕ್ಕೆ ತಕ್ಕ ಹಾಗೆ ಎಲ್ಲರನ್ನೂ ನೆನೆಯಬೇಕೆಂಬ ಹಂಬಲದವನು. ಮಾತಿನ ಕೊನೆಯಲ್ಲಿ ಅವನು ಹಿಂದಿನ ಬೆಂಚಿನ ಕಡೆ ಕೈ ಚಾಚಿದ.

"ಇಷ್ಟು ವರ್ಷ ಈ ಮನೆಗೆ ನಿಷ್ಠೆಯಿಂದ ದುಡಿದ ಮಿನ್ನಿಯನ್ನೂ ಇಂದು ನಾವು ನೆನೆಯಬೇಕು. ಆಕೆ ಬರೀ ಕೆಲಸದವಳಲ್ಲ. ಈ ಮನೆಯವರಲ್ಲಿ ಒಬ್ಬಳ ಹಾಗೆ ಇದ್ದವಳು."

ನೆಂಟರೆಲ್ಲ ಹಿಂದೆ ತಿರುಗಿ ಕರುಣೆಯಿಂದ ಮುಗುಳ್ನಕ್ಕರು. ಕಚೇರಿಯಲ್ಲಿ "ಹೌದು ದಣಿ" ಎಂದವಳು, ಅಷ್ಟು ವರ್ಷ ಶೂ ಹುಡುಕಿ ಕೊಟ್ಟವಳು ಎದ್ದು ನಿಂತಳು.

"ಹಾಗೆ ಅಲ್ಲ," ಎಂದಳು.

ಚರ್ಚಿನಲ್ಲಿ ಕೆಮ್ಮುವವರೂ ಕೆಮ್ಮು ನಿಲ್ಲಿಸಿದರು. ಪಾದ್ರಿಗೆ ಅರ್ಥವಾಗಲಿಲ್ಲ. "ಏನಮ್ಮಾ?"

"ತಪ್ಪು ತಿಳ್ಕೋಬೇಡಿ ಸ್ವಾಮಿ. 'ಹಾಗೆ' ಅಂದ್ರಲ್ಲ, ಆ ಒಂದು ಮಾತು ತೆಗೆದು ಇನ್ನೊಂದು ಸಲ ಹೇಳಿ."

ಪಾದ್ರಿ ಕಾಗದ ನೋಡಿದ, ಮಿನ್ನಿಯನ್ನು ನೋಡಿದ. ಮುಂದಿನ ಬೆಂಚಿನಲ್ಲಿ ಯಾರೋ "ಕೂತ್ಕೊಳ್ಳೇ," ಎಂದರು. ಎಲ್ನಾ ಅವರ ಕಡೆ ತಿರುಗಿ ಮೆಲ್ಲಗೆ, "ಹೇಳಲಿ ಬಿಡಿ," ಎಂದಳು. ಪಾದ್ರಿ ವಿಧೇಯತೆಯಿಂದ, ತಾನು ಏನು ಹೇಳುತ್ತಿದ್ದೇನೆಂದು ಅರ್ಧವಷ್ಟೇ ತಿಳಿದು, ಓದಿದ: "ಈ ಮನೆಯವರಲ್ಲಿ... ಒಬ್ಬಳು."

"ಹಾಂ," ಎಂದು ಮಿನ್ನಿ ಕೂತಳು. ಗಲೀಮಾ ತನ್ನ ಕೈಚೀಲವನ್ನು ಪಕ್ಕಕ್ಕೆ ಸರಿಸಿ ಅವಳಿಗೆ ಒತ್ತಿಕೊಂಡು ಕೂತಳು.

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಜಾರದಲ್ಲಿ ಚಹಾ ಇತ್ತು. ಮಿನ್ನಿ ಮತ್ತು ಗಲೀಮಾ ಹೊರಗೆ ಗೋಡೆಯ ಬಳಿ ನಿಂತಿದ್ದರು.

"ಕೊಟ್ಟ ಮಾತು ಮುರಿದೆಯಲ್ಲೇ," ಎಂದಳು ಗಲೀಮಾ.

"ತಂಗಿ ಅಂತ ಅಂದೆನಾ? ನೀನೇ ಹೇಳು, ಆ ಮಾತು ನನ್ನ ಬಾಯಿಂದ ಬಂತಾ?"

"ವಕೀಲಳಾಗಬೇಕಿತ್ತು ನೀನು, ಬಾಚಣಿಗೆ ಹಿಡಿದು ಕೆಟ್ಟೆ."

ಎಲ್ನಾ ಹೊರಗೆ ಬಂದಳು. ಅವಳ ಹಿಂದೆ ಹಜಾರದ ಕಿಟಕಿಯಲ್ಲಿ ಕೆಂಪು ಕತ್ತಿನವರು ಸಾಲಾಗಿ ನಿಂತಿದ್ದರು. ಅವಳು "ಮಿನ್ನಿ..." ಎಂದು ಶುರುಮಾಡಿ ನಿಲ್ಲಿಸಿದಳು. ಆ ಹೆಸರು ಬಾಯಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತು. ಅದರ ಜಾಗಕ್ಕೆ ಬರಬೇಕಾದ ಇನ್ನೊಂದು ಮಾತೂ ಬರಲಿಲ್ಲ. ಕೊನೆಗೆ ಯಾವ ಹೆಸರೂ ಇಲ್ಲದೆ ಕೇಳಿದಳು.

"ನಮ್ಮಜ್ಜಿ, ಅಮ್ಮನ ಅಮ್ಮ, ಸ್ಕಾಟ್ಲೆಂಡಿನಲ್ಲಿ ತೀರಿಕೊಂಡರು ಅಂತ ಅಮ್ಮ ಹೇಳ್ತಿದ್ರು. ನಿಜವಾ?"

ತಂಗಿಯ ವಿಷಯದಲ್ಲಿ ಮಿನ್ನಿ ಮಾತು ಕೊಟ್ಟಿದ್ದಳು. ತಾಯಿಯ ವಿಷಯದಲ್ಲಿ ಯಾರೂ ಮಾತು ತೆಗೆದುಕೊಂಡಿರಲಿಲ್ಲ.

"ಸ್ಕಾಟ್ಲೆಂಡಾ!" ಎಂದಳು ಮಿನ್ನಿ. "ರೈಲಿನಲ್ಲಿ ಪಾರ್ಲ್‌ವರೆಗೆ ಹೋಗೋಕೇ ವಾಂತಿ ಮಾಡ್ಕೋತಿದ್ಲು ಅವಳು. ಕ್ಲಿಪ್ ರಸ್ತೆಯ ಸ್ಮಶಾನದಲ್ಲಿದ್ದಾಳೆ."

ಎಲ್ನಾ ಗೋಡೆಗೆ ಕೈ ಆನಿಸಿ ನಿಂತಳು. ಅಳಲಿಲ್ಲ. ಅವಳ ಮುಖದಲ್ಲಿ ಒಂದರ ಹಿಂದೆ ಒಂದು ಗುರುವಾರ ಹಾದುಹೋಗುತ್ತಿದ್ದದ್ದು ಕಾಣುತ್ತಿತ್ತು. ಅವಳ ಗಂಡ ಬಾಗಿಲಿಗೆ ಬಂದು ಎಲ್ಲರೂ ಕಾಯುತ್ತಿದ್ದಾರೆ ಎಂದ.

"ಕಾಯಲಿ," ಎಂದಳು ಎಲ್ನಾ. ಮಿನ್ನಿಗೆ, "ಆ ಜಾಗ ಈಗ ತೋರಿಸ್ತೀರಾ?" ಎಂದಳು. ಆ ಬಾಯಿಂದ ಮಿನ್ನಿ ಮೊದಲ ಸಲ ಬಹುವಚನ ಕೇಳಿದ್ದು ಆಗ.

ಮೂವರೂ ಕಾರಿನ ಬಳಿ ಹೋದರು. ಮಿನ್ನಿ ಅಭ್ಯಾಸದಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದಳು. ಅಲ್ಲಿ ಆಗಲೇ ಗಲೀಮಾ ಕಾಲು ಚಾಚಿ ಕೂತಿದ್ದಳು. "ಇಲ್ಲಿ ಜಾಗ ಇಲ್ಲ, ಮುಂದೆ ಹೋಗು."

ಹೊರಟ ಸ್ವಲ್ಪ ಹೊತ್ತಿಗೇ ದಾರಿ ತಪ್ಪಿತು. ಮಿನ್ನಿಗೆ ಗೊತ್ತಿದ್ದದ್ದು ರೈಲಿನ ದಾರಿ ಮಾತ್ರ. ಎಲ್ನಾ ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಆದರೆ ರೈಲು ಹಳಿಯ ಈಚೆ ಒಮ್ಮೆಯೂ ಕಾರು ಓಡಿಸಿದವಳಲ್ಲ. ನಮ್ಮೂರಿನ ರಸ್ತೆಗಳನ್ನು ಹಾಕಿದವರು ಬುದ್ಧಿವಂತರು. ಆ ಕಡೆಯವರು ಈ ಕಡೆ ಬರಬಾರದೆಂದೇ ಹಾಕಿದ್ದರು. ಕಾನೂನು ಬದಲಾದರೂ ರಸ್ತೆಗಳಿಗೆ ಯಾರೂ ಹೇಳಿರಲಿಲ್ಲ. ಹೆದ್ದಾರಿಯ ಮೇಲಿಂದ ಸ್ಮಶಾನದ ಬೇಲಿ ಕಂಡಿತು, ಇಳಿಯಲು ದಾರಿ ಸಿಗಲಿಲ್ಲ. ಸುತ್ತಿ ಬಂದರೆ ಬೇಲಿಯೇ ಕಾಣೆಯಾಗಿತ್ತು.

"ಮೆಕ್ಕಾ ಯಾತ್ರೆಯೇ ಇದಕ್ಕಿಂತ ಸಲೀಸು," ಎಂದು ಹಿಂದಿನಿಂದ ಗಲೀಮಾ ಗೊಣಗಿದಳು.

ಒಂದು ಮೂಲೆಯಲ್ಲಿ ಗಾಡಿಯಲ್ಲಿ ಮೀನಿಟ್ಟು ಮಾರುತ್ತಿದ್ದ ಮುದುಕನ ಬಳಿ ಎಲ್ನಾ ಕಾರು ನಿಲ್ಲಿಸಿದಳು. ಮಿನ್ನಿ ಗಾಜು ಇಳಿಸಿ ಕೇಳಿದಳು, "ಅಣ್ಣಾ, ಕ್ಲಿಪ್ ರಸ್ತೆ ಸ್ಮಶಾನಕ್ಕೆ ಹೇಗೆ ಹೋಗೋದು?"

ಮುದುಕ ಕಾರನ್ನು ನೋಡಿದ. ಕಪ್ಪು ಬಟ್ಟೆಯ ಬಿಳಿಯ ಹೆಂಗಸನ್ನು ನೋಡಿದ, ಪಕ್ಕದಲ್ಲಿ ಕೂತ ಮಿನ್ನಿಯನ್ನು ನೋಡಿದ. ಅವನಿಗೆ ತಾಳೆಯಾಗಲಿಲ್ಲ. "ಈ ಮೇಡಂಗೆ ಅಲ್ಲೇನು ಕೆಲಸ?" ಎಂದ. "ಅಲ್ಲಿರೋರೆಲ್ಲ ನಮ್ಮ ಜನ."

ಮಿನ್ನಿ ಬಾಯಿ ತೆರೆದಳು. ಕೊಟ್ಟ ಮಾತು ಅಡ್ಡ ಬಂತು. ಆಗ ಎಲ್ನಾ ಅವಳ ಮೇಲಿಂದ ಬಾಗಿ, ಕಿಟಕಿಯ ಹೊರಗೆ ತಲೆ ಹಾಕಿ, ಟೀಚರುಗಳು ಮಾತಾಡುವ ಹಾಗೆ ಸ್ಪಷ್ಟವಾಗಿ ಹೇಳಿದಳು: "ಅಲ್ಲಿ ಇವರ ಅಮ್ಮ ಇದ್ದಾರೆ. ನನ್ನ ಅಜ್ಜಿ."

ಮೀನು ಕೊಳ್ಳಲು ನಿಂತಿದ್ದವರು ನಾಲ್ಕೈದು ಜನ ಇದ್ದರು. ಎಲ್ಲರೂ ಕೇಳಿಸಿಕೊಂಡರು. ಮುದುಕ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಟೋಪಿ ತೆಗೆದ.

"ಹಾಗಾದರೆ ಎಡಕ್ಕೆ ತಗೋಳಮ್ಮ," ಎಂದ. "ಕೊನೆಯಲ್ಲಿ ಬರೀ ಮರಳು. ಕಾರು ಹೂತುಕೊಳ್ಳುತ್ತೆ, ಇಳಿದು ನಡೀರಿ."